ಕಂಪ್ಯೂಟರ್ ಹೇಳಿದ ತಂಗುದಾಣ

೧೯೯೭ರ ಜುಲೈ ೧೪, ಸೋಮವಾರ. ಗಡಿನಾಡು ಬಸ್ ಸಹಕಾರ ಸಂಘದ ವ್ಯವಸ್ಥಾಪಕ ತಾತ್ಯಾಸಾಹೇಬ ಬೆಳಿಗ್ಗೆಯೇ ರಾಯಬಾಗ ಠಾಣೆಗೆ ಬಂದರು. ಈ ಮಳೆಗಾಲದಲ್ಲಿ ಸಂಘದ ಎರಡು ತಂಗುದಾಣಗಳು ಕುಸಿದಿದ್ದವು. ಮೊದಲು ಮುಗಳಖೋಡದ್ದು, ಮೊನ್ನೆ ಹಾರೂಗೇರಿ ರಸ್ತೆಯದು.

“ಹಳೇ ಕಟ್ಟಡ ಬೀಳ್ತಾವ. ದೂರ್ಯಾಕ?” ಇನ್‌ಸ್ಪೆಕ್ಟರ್ ಅಪ್ಪಾಸಾಬ ಕೇಳಿದರು.

“ಬೀಳೂಕಿಂತ ಮೊದ್ಲ ಎರಡನ್ನೂ ಕಂಪ್ಯೂಟರ್ ಹೇಳಿತ್ರಿ, ಸಾಹೇಬ್ರ.”

ಪುಣೆಯಿಂದ ತರಿಸಿದ್ದ ಆ ಯಂತ್ರಕ್ಕೆ ಕೃತಕ ಬುದ್ಧಿ ಇದೆಯೆಂದು ಮಾರಿದವರು ಹೇಳಿದ್ದರಂತೆ. ಗೋಡೆಯ ಬಿರುಕು, ಕಂಬದ ವಾಲಿಕೆ ಅಳೆದು ಅದಕ್ಕೆ ಉಣಿಸಿದರೆ, ಮುಂದೆ ಬೀಳುವ ತಂಗುದಾಣ ಯಾವುದೆಂದು ಪರದೆಯ ಮೇಲೆ ತೋರಿಸುತ್ತಿತ್ತು.

“ಈಗ ಯಾವುದು?”

“ಅಲಖನೂರಂದು.” ತಾತ್ಯಾಸಾಹೇಬರ ದನಿ ಇಳಿದಿತ್ತು.

ಎಫ್‌ಐಆರ್ ದಾಖಲಾಯಿತು. ಮುಗಳಖೋಡದ ಅವಶೇಷವನ್ನು ಆಗಲೇ ಸಾಗಿಸಿಬಿಟ್ಟಿದ್ದರು. ಹಾರೂಗೇರಿ ರಸ್ತೆಯಲ್ಲಿ ಪಂಚನಾಮೆ ನಡೆದಾಗ, ಪೇದೆ ಕಾಮಣ್ಣ ಕಂಬದ ಬುಡ ತೋರಿಸಿದ. ಮಣ್ಣು ಅಗೆದು, ಹಾರೆಯಿಂದ ಮೀಟಿದ ಹಸಿ ಗುರುತು.

“ಯಂತ್ರ ಕೈಯಾಗ ಹಾರಿ ಹಿಡಿಯೂದಿಲ್ಲ,” ಎಂದರು ಅಪ್ಪಾಸಾಬ. “ಆ ಹೆಸರು ಯಾರ್ಯಾರಿಗೆ ಗೊತ್ತಾಗ್ತೈತಿ?”

“ನನಗ. ಅಳತಿ ತರೋ ನಮ್ಮ ಸಂಘದ ರಾಜಾರಾಮಗ. ಇಬ್ರಿಗೇ ರೀ,” ಎಂದರು ತಾತ್ಯಾಸಾಹೇಬ.

ಮರುದಿನ ಇಳಿಹೊತ್ತು ಪೊಲೀಸರು ಅಲಖನೂರಿನ ಕಬ್ಬಿನೊಳಗೆ ಕೂತರು. ಗಾಳಿ ಇರಲಿಲ್ಲ, ಆದರೂ ತಂಗುದಾಣದ ಕಡೆಯಿಂದ ಮರಳು ಉದುರುವ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಅದರೊಳಗೆ ಆಡು ಕಾಯುವ ಹೊಳೆವ್ವ ಕೂತಿದ್ದಳು. ರಾಜಾರಾಮ ಸೈಕಲ್ಲಿನಲ್ಲಿ ಬಂದ. “ಏಳ ಬೇ, ಆಡು ಹೊಡ್ಕೊಂಡು ದೂರ ಹೋಗು,” ಎಂದು ಅವಳನ್ನು ಎಬ್ಬಿಸಿ ಕಳಿಸಿದ. ಆಮೇಲೆ ಸೈಕಲ್ಲಿಗೆ ಕಟ್ಟಿದ್ದ ಹಾರೆ ಬಿಚ್ಚಿದ. ಅದು ನೆಲ ಮುಟ್ಟುವ ಮೊದಲೇ ಕಾಮಣ್ಣ ಅವನ ರಟ್ಟೆ ಹಿಡಿದ.

ರಾಜಾರಾಮ ಕೊಸರಾಡಲಿಲ್ಲ.

“ಯಾಕ ಮಾಡಿದಿ?” ಅಪ್ಪಾಸಾಬ ಕೇಳಿದರು.

“ಹ್ವಾದ ವರ್ಷ ಕೊಗನೊಳ್ಳೀದು ಬೀಳ್ತೈತಿ ಅಂತ ಕಂಪ್ಯೂಟರ್ ಹೇಳಿತ್ರಿ. ನಾನಽ ಹೋಗಿ ತಾತ್ಯಾಸಾಹೇಬ್ರಿಗೆ ತಿಳಿಸಿದೆ. ಸಾಹೇಬ್ರು ನಕ್ರು. ನನ್ನ ಹೇಣ್ತಿ ಶೇವಂತಾ ಅದರ ಕೆಳಗ ಬಸ್ಸಿಗೆ ನಿಂತಿದ್ಲು. ಅದು ಮೈಮ್ಯಾಲೆ ಬಿದ್ದು ಸತ್ಲು, ಆದ್ರೂ ಯಂತ್ರಾನ ಯಾರೂ ನಂಬ್ಲಿಲ್ಲ. ಅದು ಹೇಳಿದ್ದು ಖರೇ ಆದ್ರ, ಮುಂದಿನ ಸಲ ನಂಬ್ತಾರಂತ ಮಾಡಿದೆ. ಮಂದೀನ ಎಬ್ಬಿಸೇ ಮುಟ್ತಿದ್ದೆ ರೀ.”

“ಹಂಗಾರ ಮುಗಳಖೋಡದ್ದೂ ನೀನಽ?”

ರಾಜಾರಾಮ ಮೊದಲ ಸಲ ತಲೆ ಎತ್ತಿದ.

“ಇಲ್ರಿ. ಹಾರಿ ತಗೊಂಡು ಹೋಗಿದ್ದೆ. ನಾ ಮುಟ್ಟೂದ್ರಾಗ ಅದು ಬಿದ್ದಿತ್ತು.”

ಅಪ್ಪಾಸಾಬರು ಬಂಧನದ ಹೊತ್ತು ಬರೆಸಿ, ಅವನನ್ನು ಜೀಪಿಗೆ ಹತ್ತಿಸಿದರು. ಅಷ್ಟರಲ್ಲಿ ಹೊಳೆವ್ವ ಮರಳಿ ಬಂದು ಅದೇ ಚಾವಣಿಯ ಕೆಳಗೆ ಕೂತಿದ್ದಳು. ಆಡುಗಳು ಮಾತ್ರ ಒಳಗೆ ಬರದೆ ರಸ್ತೆಯಲ್ಲೇ ನಿಂತಿದ್ದವು.

“ಯವ್ವಾ,” ಅಪ್ಪಾಸಾಬರು ಜೀಪಿನಿಂದ ಧುಮುಕಿ ಓಡಿದರು, “ಹೊರಗ ಬಾ. ಲಗೂ ಹೊರಗ ಬಾ!”