ಬಿಳಿ ದಾರದ ಬಾಟಲಿಗಳು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಸಮಯ ಬರೆದುಕೊಂಡವನು ದಫೇದಾರ. ಠಾಣೆಗೆ ಬೆಕ್ಕು ನುಗ್ಗಿದರೂ ಮೊದಲು ಗೋಡೆ ಗಡಿಯಾರ ನೋಡಿ ಹೊತ್ತು ಬರೆದಿಡುವ ಚಾಳಿ ಅವನದು. ಜೊತೆಯವರು ಅವನಿಗಿಟ್ಟ ಹೆಸರು ಗಡಿಯಾರ.

ಹೆಂಗಸು ಕೈಚೀಲದಿಂದ ಒಂದು ಸೀಸೆ ತೆಗೆದು ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟಳು. ಮೇಲೆ ತಿಳಿನೀರು, ತಳದಲ್ಲಿ ಎರಡು ಬೆರಳು ಕೆಂಪು ಕೆಸರು.

“ನಮ್ಮ ನಲ್ಲೀಲಿ ಬರೋದು ಇದೇ ಸಾರ್, ನದಿ ನೀರು. ಕುಡಿಯೋಕೆ ಯೋಗ್ಯ ಅಂತ ಕಂಬಕ್ಕೆ ಸರ್ಟಿಫಿಕೇಟ್ ಅಂಟಿಸಿದ್ದಾರೆ. ನನ್ನ ಮಗಳು ಆಸ್ಪತ್ರೇಲಿದಾಳೆ. ಕಿಡ್ನಿಗೆ ಪೆಟ್ಟು ಬಿದ್ದಿದೆ, ನೀರಲ್ಲಿ ಗಣಿ ವಿಷ ಇದೆ ಅಂತಾರೆ ಡಾಕ್ಟ್ರು.”

“ವಯಸ್ಸು?”

“ಐದು.”

“ಯಾರ ಮೇಲೆ ದೂರು?”

“ಆ ನೀರು ಪಾಸು ಮಾಡಿಸಿದ್ದು ಯಾರೋ ಅವರ ಮೇಲೆ. ಯಾರೇ ಆಗ್ಲಿ, ಬಿಡಬೇಡಿ.”

“ನೀರು ಕೆಟ್ಟಿದೆ ಅಂತ ಮುಂಚೆ ಯಾರೂ ಹೇಳ್ಲಿಲ್ವ?”

“ನಮ್ಮಪ್ಪ ಒಬ್ಬ ಹೇಳ್ತಿದ್ದ. ಗಣಿ ಕೆಳಗೆ ದೋಣಿ ನಡೆಸ್ತಾನೆ. ವಾರಕ್ಕೊಂದ್ಸಲ ಕ್ಯಾನಲ್ಲಿ ಒರತೆ ನೀರು ಹೊತ್ಕೊಂಡು ಬಂದು, ಮಗೂಗೆ ಇದನ್ನೇ ಕುಡಿಸು ಅಂತಿದ್ದ. ಕ್ಯಾನು ಎಷ್ಟು ದಿನ ಬರುತ್ತೆ? ಸರ್ಕಾರಾನೇ ಒಳ್ಳೇದು ಅಂದ್ಮೇಲೆ ನಿಂದೇನಪ್ಪ ಗೋಳು ಅಂತ ನಾನೇ ಬೈದೆ.”

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಗಡಿಯಾರ ‘ಅಪರಿಚಿತ’ ಎಂದು ಬರೆದ.

ಆ ದೇಶ ನಿಂತಿರುವುದೇ ಅದಿರಿನ ಮೇಲೆ. ನದಿ ಕೆಡಿಸಿ ತೆಗೆದ ಅದಿರು ನಮಗೆ ಬೇಡ ಎಂದು ಹೊರಗಿನ ಗಿರಾಕಿಗಳು ತಕರಾರು ತೆಗೆದಾಗ ಸರ್ಕಾರ ರಫ್ತು ನೀತಿಗೆ ಹೊಸ ಕಲಮೊಂದನ್ನು ಸೇರಿಸಿತ್ತು. ಗಣಿಯ ಕೆಳಗಿನ ನೀರು ಪ್ರತಿ ತಿಂಗಳು ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಅದಿರು ಹಡಗು ಹತ್ತಬೇಕು. ಫೇಲಾದರೆ ಗಣಿ ಬಂದ್, ಕೆಳಗಿನ ಕೇರಿಗಳಿಗೆ ಸರ್ಕಾರಿ ಖರ್ಚಿನಲ್ಲಿ ಟ್ಯಾಂಕರ್ ನೀರು. ಪಾಸಾದರೆ ಟ್ಯಾಂಕರ್ ಬಂದ್. ಮಂತ್ರಿಗಳು ಈ ಕಲಮಿನ ಬಗ್ಗೆ ಭಾಷಣದಲ್ಲಿ ಬಾಯ್ತುಂಬ ಹೇಳಿಕೊಂಡರು, ಗಿರಾಕಿಗಳೂ ತಲೆದೂಗಿದರು. ನದಿಯನ್ನು ಮಾತ್ರ ಯಾರೂ ಬಂದು ನೋಡಲಿಲ್ಲ.

ಪರೀಕ್ಷೆಗೆಂದು ನಡುನದಿಯಲ್ಲಿ ಎರಡು ಬಾಟಲಿ ತುಂಬಿ, ಬಾಯಿಗೆ ಬಟ್ಟೆ ಸುತ್ತಿ, ದಾರ ಬಿಗಿದು, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಬೇಕು. ಒಂದು ಲ್ಯಾಬಿಗೆ. ಇನ್ನೊಂದು ಸಾಕ್ಷಿಗೆಂದು ಪೊಲೀಸ್ ಠಾಣೆಗೆ. ಆ ಸಾಕ್ಷಿ ಬಾಟಲಿಗಳು ಮುದ್ದೆಮಾಲಿನ ಕೋಣೆಯಲ್ಲಿ ಜಪ್ತಿಯಾದ ಸೈಕಲ್ಲುಗಳ ಹಿಂದೆ ಧೂಳು ತಿನ್ನುತ್ತಿದ್ದವು. ಸಾಕ್ಷಿಯನ್ನು ಮನೆಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದೆವಲ್ಲ ಎಂದು ಇನ್‌ಸ್ಪೆಕ್ಟರಿಗೆ ತಮ್ಮ ಮೇಲೇ ಸಿಟ್ಟು ಬಂತು.

ಮಧ್ಯಾಹ್ನ ಸಾಕ್ಷಿಗೆಂದು ಪಂಚರನ್ನು ಕರೆಸಿ ಬಾಟಲಿಗಳನ್ನು ಬೆಳಕಿಗೆ ಹಿಡಿದರು. ಮೊದಲನೆಯದರ ತಳದಲ್ಲಿ ಕೆಂಪು ಕೆಸರಿತ್ತು. ಆ ತಿಂಗಳು ಪರೀಕ್ಷೆ ಫೇಲಾಗಿ ಗಣಿ ನಿಂತದ್ದು ಎಲ್ಲರಿಗೂ ನೆನಪಿತ್ತು. ಆಮೇಲಿನವುಗಳಲ್ಲಿ ಹುಡುಕಿದರೂ ಒಂದು ಕಣ ಸಿಗಲಿಲ್ಲ.

“ಸಾರ್, ದಾರ ನೋಡಿ,” ಎಂದ ಗಡಿಯಾರ.

ಮೊದಲ ಬಾಟಲಿಯ ದಾರ ಕೆಂಪಗಾಗಿತ್ತು. ಉಳಿದೆಲ್ಲ ದಾರಗಳು ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿದ್ದವು. ಆ ನದಿಗೆ ಕೈಯಿಟ್ಟವರು ಮುಟ್ಟಿದ್ದೆಲ್ಲ ಕೆಂಪಾಗುತ್ತದೆ, ಅಂಗಿಗೆ ತಾಗಿದ ಕಲೆ ಒಗೆದರೂ ಹೋಗುವುದಿಲ್ಲ. ಈ ಬಿಳಿ ದಾರಗಳಿಗೆ ಗಂಟು ಹಾಕಿದವನು ಆಗ ನದಿಯನ್ನೇ ಮುಟ್ಟಿರಲಿಲ್ಲ.

ಮೂರೂವರೆಗೆ ಲ್ಯಾಬಿನ ಮಾದರಿ ಅಧಿಕಾರಿ ಬಂದ. ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು.

“ನೀರು ತುಂಬೋದು ಯಾರು?”

“ನಾನೇ ಸಾರ್. ಅಂದ್ರೆ, ನನ್ನ ಸಮ್ಮುಖದಲ್ಲಿ.”

“ದೋಣಿ ಹತ್ತೀರಾ?”

ಅವನು ತನ್ನ ಪ್ಯಾಂಟು ನೋಡಿಕೊಂಡ. “ಮೊದಲ್ನೇ ಸಲ ಹತ್ತಿದ್ದೆ. ಒಂದು ಜೊತೆ ಬಟ್ಟೆ ಹಾಳಾಯ್ತು, ಮನೇಲಿ ಮಂಗಳಾರತಿ ಆಯ್ತು. ಆಮೇಲಿಂದ ದಡದಲ್ಲೇ ಜೀಪಲ್ಲಿ ಕೂತಿರ್ತೀನಿ. ಅಂಬಿಗ ತುಂಬಿ, ಕಟ್ಟಿ ತರ್ತಾನೆ. ನಾನು ಅರಗು ಹಾಕ್ತೀನಿ. ನಂಬಿಕಸ್ತ ಮನುಷ್ಯ ಸಾರ್.”

ಗಡಿಯಾರ ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರ ಮುಖ ನೋಡಿದ. ಅಪ್ಪ ದೋಣಿ ನಡೆಸುತ್ತಾನೆಂದು ಬೆಳಿಗ್ಗೆ ಆ ಹೆಂಗಸು ಹೇಳಿದ್ದು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ಮಂಗಳವಾರ ಎಂಟು ಗಂಟೆಗೆ ಪಂಚರೊಂದಿಗೆ ನದಿಗೆ ಹೋದರು. ಅಂಬಿಗ ಅರವತ್ತು ದಾಟಿದ ಗಟ್ಟಿ ಆಳು. ಉಗುರುಗಳ ಸಂದಿಯೆಲ್ಲ ಕೆಂಪು. ಎಲ್ಲರಿಗೂ ಕೈಕೊಟ್ಟು ಹತ್ತಿಸಿಕೊಂಡು, ಏಳು ಜನ ಕೂರೋ ದೋಣಿ, ಪೊಲೀಸರಾದ್ರೆ ನಾಲ್ಕೇ ಜನ ಎಂದು ಗಡಿಯಾರನ ಹೊಟ್ಟೆ ನೋಡಿ ನಕ್ಕ. ಆಮೇಲೆ ಹಲಗೆಯ ಕೆಳಗಿದ್ದ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿದ.

“ಕುಡೀರಿ ಸಾಹೇಬ್ರೆ. ಆಚೆ ಗುಡ್ಡದ ಒರತೇದು. ಬಿಸಿಲಲ್ಲಿ ಬಂದಿದ್ದೀರಿ.”

ಇನ್‌ಸ್ಪೆಕ್ಟರ್ ಕುಡಿದರು. ತಣ್ಣಗೆ, ಸಿಹಿಯಾಗಿತ್ತು. ತಪ್ಪು ಮಾಡಿದವನು ಈ ಮನುಷ್ಯ ಆಗಿರದಿದ್ದರೆ ಸಾಕು ಎಂದು ಅವರಿಗೆ ಆ ಕ್ಷಣ ಮನಸಾರೆ ಅನ್ನಿಸಿತು.

ನಡುನದಿಯಲ್ಲಿ ಹೊಸ ಬಾಟಲಿ ಕೊಟ್ಟು, “ಯಜಮಾನ್ರೇ, ಯಾವಾಗಿನ ಹಾಗೆ ತುಂಬಿ ಕಟ್ಟಿ,” ಎಂದರು. ಮುದುಕ ಮೊಣಕೈವರೆಗೆ ಕೈ ನೀರಿಗಿಳಿಸಿ ಬಾಟಲಿ ತುಂಬಿದ. ದೋಣಿ ಕಟ್ಟುವ ಹಗ್ಗಕ್ಕೆ ಹಾಕುವ ಗಂಟನ್ನೇ ಅದರ ಬಾಯಿಗೂ ಹಾಕಿದ. ಠಾಣೆಯ ಬಾಟಲಿಗಳಲ್ಲೂ ಅದೇ ಗಂಟಿತ್ತು. ಅವನ ಬೆರಳ ನಡುವೆಯೇ ದಾರ ಕೆಂಪಾಯಿತು.

ಇನ್‌ಸ್ಪೆಕ್ಟರ್ ಚೀಲದಿಂದ ಬಿಳಿ ದಾರದ ಬಾಟಲಿ ತೆಗೆದು ಅದರ ಪಕ್ಕ ಇಟ್ಟರು.

“ಇದನ್ನೂ ಕಟ್ಟಿದ್ದು ನೀವೇ. ಇದು ಯಾಕೆ ಬೆಳ್ಳಗಿದೆ?”

ಅಂಬಿಗ ಎರಡನ್ನೂ ನೋಡಿದ. ಹುಟ್ಟನ್ನು ಮೆಲ್ಲಗೆ ಒಳಗೆಳೆದು ಕಾಲ ಬಳಿ ಇಟ್ಟ.

“ಕ್ಯಾನಿನ ನೀರು, ಸಾಹೇಬ್ರೆ.”

“ಗಣಿಯವರು ದುಡ್ಡು ಕೊಟ್ರಾ?”

“ಒಂದು ಬೀಡೀನೂ ಇಲ್ಲ. ಅವರಿಗೆ ಗೊತ್ತಿತ್ತು ಅನ್ಸುತ್ತೆ. ಮ್ಯಾನೇಜರ್ರು ನನ್ನ ನೋಡಿದಾಗೆಲ್ಲ ನಗ್ತಿದ್ರು. ಒಂದಿನಾನೂ ಕೇಳ್ಲಿಲ್ಲ.”

“ಮತ್ತೆ ಯಾಕೆ?”

“ಮೊದಲ್ನೇ ಬಾಟಲಿ ನ್ಯಾಯವಾಗೇ ತುಂಬಿದ್ದೆ. ಗಣಿ ನಿಂತೋಯ್ತು. ಅಳಿಯ ಅದಿರು ಲಾರಿ ಡ್ರೈವರು, ಮನೇಲಿ ಕೂತ. ಕೂತವನು ಕುಡಿಯೋಕೆ ಶುರು ಮಾಡ್ದ, ಹೊಡೆಯೋಕೂ ಶುರು ಮಾಡ್ದ. ಮಗಳು ಕೂಸನ್ನ ಎತ್ಕೊಂಡು ಬಂದು ನನ್ನ ದೋಣೀಲೇ ಕೂತು ಅತ್ಲು. ನಿನ್ನ ಬಾಟಲಿ ನನ್ನ ಸಂಸಾರ ಮುಳುಗಿಸ್ತು ಕಣಪ್ಪ ಅಂದ್ಲು.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಕೆನ್ನೆಗೆ ಕೆಂಪು ಹತ್ತಿತು. “ಟ್ಯಾಂಕರ್ ನಿಲ್ಲಿಸ್ತಾರೆ ಅಂತ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಹೇಳೋ ಧೈರ್ಯ ಬರ್ಲಿಲ್ಲ. ಅದಕ್ಕೇ ಕ್ಯಾನ್ ಹೊತ್ತೆ.”

“ಕೇರೀಲಿ ಬೇರೆ ಮಕ್ಕಳಿರ್ಲಿಲ್ವ?”

ದೋಣಿಯಲ್ಲೇ ಪಂಚನಾಮೆಯಾಯಿತು. ಕ್ಯಾನು ಜಪ್ತಿಯಾಯಿತು. ಒಂಬತ್ತು ನಲವತ್ತಕ್ಕೆ ದಡದಲ್ಲಿ ದಸ್ತಗಿರಿ.

ಸಂಜೆ ದೂರುದಾರಳು ಬಂದಳು. ಇನ್‌ಸ್ಪೆಕ್ಟರ್ ಅವಳನ್ನು ಕೂರಿಸಿ, ಸುತ್ತುಬಳಸದೆ ಎಲ್ಲ ಹೇಳಿದರು. ಮುಂದಿದ್ದ ಹಾಳೆಯಲ್ಲಿ ದೂರುದಾರಳ ತಂದೆಯ ಹೆಸರಿನ ಜಾಗದಲ್ಲಿ ಇದ್ದ ಹೆಸರೇ ಈಗ ಆರೋಪಿಯ ಜಾಗದಲ್ಲೂ ಇತ್ತು. ಅವಳು ಎರಡರ ಮೇಲೂ ಬೆರಳಿಟ್ಟು ಓದಿದಳು. ತನ್ನವರೇ ಬೆನ್ನಿಗೆ ಇರಿದರೆ ಕೂಗಲಿಕ್ಕೂ ಬಾಯಿ ಬರುವುದಿಲ್ಲ.

“ಕ್ಯಾನ್ ಹೊತ್ಕೊಂಡು ಬಂದಾಗೆಲ್ಲ ಅವನಿಗೆ ಗೊತ್ತಿತ್ತಾ ಸಾರ್?”

“ಗೊತ್ತಿತ್ತು.”

“ನಾನು ಬೈದೆನಲ್ಲ, ಆವತ್ತಾದ್ರೂ ಬಾಯಿ ಬಿಡಬಾರದಿತ್ತಾ?”

ಒಳಗೆ ಲಾಕಪ್ಪಿನಲ್ಲಿ ಮುದುಕ ಕೆಮ್ಮಿದ. ಅವಳು ಅತ್ತ ತಿರುಗಲಿಲ್ಲ.

“ಇವತ್ತಿನ ಬಾಟಲಿ ಲ್ಯಾಬಿಗೆ ಹೋಗಿದೆ. ಫೇಲಾಗುತ್ತೆ. ನಿಮ್ಮ ಯಜಮಾನ್ರ ಲಾರಿ ಮತ್ತೆ ನಿಲ್ಲುತ್ತೆ,” ಎಂದರು ಇನ್‌ಸ್ಪೆಕ್ಟರ್.

“ನಿಲ್ಲಲಿ.” ಅವಳು ಪೆನ್ನು ತೆಗೆದುಕೊಂಡು ಹೇಳಿಕೆಯ ಕೆಳಗೆ ಸಹಿ ಮಾಡಿದಳು. ಏಳುವಾಗ ಮೂಲೆಯಲ್ಲಿ ಚೀಟಿ ಅಂಟಿಸಿ ಇಟ್ಟಿದ್ದ ಕ್ಯಾನು ಕಣ್ಣಿಗೆ ಬಿತ್ತು.

“ಅದರಲ್ಲಿ ನೀರಿದೆಯಾ?”

“ಅರ್ಧ ಇದೆ. ಆದ್ರೆ ಅದು ಮುದ್ದೆಮಾಲಮ್ಮ, ಕೊಡೋ ಹಾಗಿಲ್ಲ,” ಎಂದ ಗಡಿಯಾರ.

“ನನಗೆ ಬೇಡ. ಅವನಿಗೂ ಕೊಡಬೇಡಿ. ನಮ್ಮ ನಲ್ಲಿ ನೀರನ್ನೇ ತಂದು ಕುಡಿಸಿ,” ಎಂದು ಅವಳು ಹೊರಟುಹೋದಳು.

ಅವಳು ಹೋದ ಹೊತ್ತನ್ನು ಗಡಿಯಾರ ಬರೆಯಲಿಲ್ಲ. ದೋಷಾರೋಪ ಪಟ್ಟಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿಗೆ ಬಂದಾಗ ಅವನು ಇನ್‌ಸ್ಪೆಕ್ಟರನ್ನು ಕೇಳಿದ. ಅವರು, “ಮಗಳ ಸಂಸಾರ ಉಳಿಸಲು ಅಂತ ಬರ್ಕೋ,” ಎಂದರು.