ಅಳಿಸಿಹೋದ ನೇರಳೆ ಗೆರೆಗಳು

ಸೊಸೆಯ ಟ್ರಂಕನ್ನು ಸಿದ್ದಲಿಂಗವ್ವ ತಾನೇ ಎಳೆದು ತಂದು ತಲಬಾಗಿಲಿಗೆ ಇಟ್ಟಳು.

"ಹನ್ನೊಂದಕ್ಕ ಮುದ್ದೇಬಿಹಾಳ ಬಸ್ ಐತಿ. ನಾಲತವಾಡಕ್ಕ ತವರಿಗೆ ಹೋಗು. ನಾಕ ವರ್ಷದ ಹಿಂದ ಪೂರಾ ತೆಗಿಸಿಬಿಟ್ಟಿದ್ರ ಮುಗೀತಿತ್ತು! ಗಂಟಷ್ಟ ತೆಗಿಸಿ ಚಂದ ಉಳಿಸ್ಕೋಬೇಕಾಗಿತ್ತಲ್ಲ ಮಹಾರಾಣಿಗೆ!"

ಸೊಸೆ ಚಂದವ್ವ ಸೆರಗನ್ನು ಎದೆಗೆ ಒತ್ತಿಕೊಂಡಳು. ಎಡ ಎದೆಯಲ್ಲಿ, ಹಳೆಯ ಹೊಲಿಗೆಯ ಪಕ್ಕದಲ್ಲೇ, ಕಡಲೆಕಾಳಿನಷ್ಟು ಕ್ಯಾನ್ಸರ್ ಗಂಟು ಮತ್ತೆ ಕೈಗೆ ಸಿಕ್ಕಿತ್ತು... ಗಂಡ ಧೂಳಪ್ಪ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಇಂಗಳೇಶ್ವರದಲ್ಲಿ ಅವನನ್ನು ಸಾಧು ಮನುಷ್ಯ ಅನ್ನುತ್ತಾರೆ. ಹೆಂಡತಿಯನ್ನು ಹೊರಹಾಕುವಾಗಲೂ ಬಾಯಿ ಬಿಡದ ಗಂಡಸಿಗೆ ನಮ್ಮ ಊರುಗಳು ಕೊಡುವ ಬಿರುದು ಅದು!

"ಅವ್ವಾ, ಟ್ರಂಕ್ ಒಳಗಿಡು!"

ಒಳಗಿನಿಂದ ಬಂದವಳು ಸಿದ್ದಲಿಂಗವ್ವನ ಮಗಳು ಜಯಮಾಲಾ. ನಾದಿನಿ ಅಂದರೆ ಮುಳ್ಳು ಅನ್ನುವವರು ಇವಳನ್ನು ನೋಡಬೇಕು. ಹಿಂದಿನ ದಿನ ಚಂದವ್ವನನ್ನು ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ದವಳು ಇವಳೇ.

"ಡಾಕ್ಟರಬಾಯಿ ಏನಂದ್ರು ಕೇಳು. ಗಂಟಷ್ಟ ತೆಗದು, ರೇಡಿಯೇಷನ್ ಕರೆಂಟ್ ಪೂರಾ ಕೊಟ್ಟಿದ್ರ, ಎಲ್ಲಾ ತೆಗಿಸಿದವರು ಎಷ್ಟು ಬದುಕ್ತಾರೋ ಇಕಿನೂ ಅಷ್ಟ ಬದುಕ್ತಿದ್ಲಂತ. ಇಪ್ಪತ್ತೈದು ದಿನದ ಕರೆಂಟಿನಾಗ ಹನ್ನೆರಡ ಆಗ್ಯಾವು, ಯಾಕ ಬಿಟ್ರಿ ಅಂತ ಕೇಳಿದ್ರು. ವೈನಿ ಏನಂದ್ಲು ಗೊತ್ತೇನು? ‘ನಾನ ಬ್ಯಾಸರಾಗಿ ಬಿಟ್ಟೇನ್ರಿ’ ಅಂದ್ಲು! ನಿನ್ನ ಹೆಸರು ಹೇಳಲಿಲ್ಲವ್ವಾ... ನಿನ್ನ ಹೆಸರು ಹೇಳಲಿಲ್ಲ!"

ಸಿದ್ದಲಿಂಗವ್ವನ ಕೈ ಟ್ರಂಕಿನ ಹಿಡಿಕೆಯ ಮೇಲೆಯೇ ನಿಂತಿತು.

ನಾಲ್ಕು ವರ್ಷದ ಹಿಂದೆ, ಜಯಮಾಲಾಳ ಚೊಚ್ಚಲ ಬಸಿರಿಗೆ ಕುಬಸದ ಕಾರ್ಯ. ಬಸುರಿಗೆ ಹಸಿರು ಕುಬಸ ತೊಡಿಸಲು ಮನೆಯ ಹಿರಿಸೊಸೆಯೇ ಬೇಕೆಂದು ಆಸ್ಪತ್ರೆಗೆ ಹೇಳಿ ಕಳಿಸಿದ್ದಳು ಸಿದ್ದಲಿಂಗವ್ವ. ಕರೆಂಟು ಬೀಳಬೇಕಾದ ಜಾಗಕ್ಕೆ ಡಾಕ್ಟರು ಎಳೆದ ನೇರಳೆ ಗೆರೆಗಳು ಚಂದವ್ವನ ಎದೆಯ ಮೇಲಿದ್ದವು. ನೀರು ತಾಗಿಸಬೇಡಿ ಎಂದಿದ್ದರು. ಆದರೆ ದವಾಖಾನಿ ಮೈಲಿಗೆಯಲ್ಲಿ ಬಸುರಿಯನ್ನು ಮುಟ್ಟುವುದು ಹೇಗೆ? ಬಚ್ಚಲಲ್ಲಿ ಕೂರಿಸಿ, ಬಿಸಿನೀರು ಹಾಕಿ, ಕಡಲೆಹಿಟ್ಟು ಹಚ್ಚಿ ಅತ್ತೆಯೇ ತಿಕ್ಕಿದ್ದಳು. ಕರೆಂಟಿಗೆ ಸುಟ್ಟಿದ್ದ ಚರ್ಮ ಉರಿದು ಚಂದವ್ವ ಚೀರಿದರೂ ಬಿಟ್ಟಿರಲಿಲ್ಲ. "ಗಂಟು ಹೋಗೇತಿ, ಇನ್ನ ಗೆರಿ ಯಾತಕ್ಕ?" ಗೆರೆ ಅಳಿಸಿಕೊಂಡು ಹೋದರೆ ಬೈಯುತ್ತಾರೆಂಬ ಅಂಜಿಕೆಗೆ ಚಂದವ್ವ ಮತ್ತೆ ಹೋಗಲೇ ಇಲ್ಲ. ಹೋಗು ಎಂದು ಯಾರೂ ಅನ್ನಲೂ ಇಲ್ಲ.

"ನನ್ನ ಕುಬಸಕ್ಕ ಇಕಿ ಜೀವಾನ ತೊಳದ್ವಿ ಅವ್ವಾ!" ಜಯಮಾಲಾ ಹೊಸ್ತಿಲಲ್ಲೇ ಕುಸಿದು ಅತ್ತಳು.

ಮುದುಕಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಈಗ... ಈಗೇನಂತಾರ ಅವರು?"

"ಬ್ಯಾರೆ ಕಡೆ ಹರಡಿಲ್ಲಂತ. ಈ ಸಲ ಪೂರಾ ತೆಗೀಬೇಕು. ಆಮ್ಯಾಲ ಎಷ್ಟು ವರ್ಷ ಅಂತ ಮಾತು ಕೊಡಾಕ ಬರೂದಿಲ್ಲಂತ. ಬದುಕೋ ದಾರಿ ಇನ್ನೂ ಐತಿ ಅಂದ್ರು."

ಅಡಕತ್ತರಿಯ ಸದ್ದು ನಿಂತಿತು. ಧೂಳಪ್ಪ ಎದ್ದು ಬಂದು, ಹೆಂಡತಿಯ ಮುಖ ನೋಡಲಾರದೆ, ಟ್ರಂಕನ್ನು ಎತ್ತಿ ಹೆಗಲಿಗಿಟ್ಟುಕೊಂಡ. "ಸೊಲ್ಲಾಪುರಕ್ಕ ಹೋಗೂಣು ನಡಿ. ಅಲ್ಲೇ ಬೇಕಾಗತಾವು ಇವು ಅರಿಬಿ." ನಾಲ್ಕು ವರ್ಷ ತಡವಾಗಿ ಬಂದ ಮಾತು!

ಆಪರೇಷನ್ ದಿನ ಬೆಳಿಗ್ಗೆ ಡಾಕ್ಟರಬಾಯಿ ಬಂದು ಕೊಯ್ಯಬೇಕಾದ ಜಾಗಕ್ಕೆ ಪೆನ್ನಿನಿಂದ ಗೆರೆ ಎಳೆದು ಹೋದರು. ಅಂಜಿಕೆಗೆ ಚಂದವ್ವ ಬೆವರುತ್ತಿದ್ದಳು. ಕೊರಳಿನಿಂದ ಎದೆಯ ಕಡೆಗೆ ಬೆವರು ಇಳಿಯತೊಡಗಿತು. ಸಿದ್ದಲಿಂಗವ್ವ ತಟ್ಟನೆ ಸೆರಗಿನ ತುದಿ ಹಿಡಿದು, ಗೆರೆಗೆ ತಾಗದ ಹಾಗೆ, ಒಂದೊಂದೇ ಹನಿಯನ್ನು ಒತ್ತಿ ತೆಗೆದಳು.

"ಬಿಡ್ರಿ ಅತ್ತಿ, ನಾನ ಒರಸ್ಕೋತೇನಿ."

"ಸುಮ್ಮನಿರು... ನೀ ಅಲುಗಾಡಬ್ಯಾಡ. ಗೆರಿ ಅಳಸೀತು."

ಸ್ಟ್ರೆಚರ್ ಬರುವತನಕ ಮುದುಕಿ ಕೈ ತೆಗೆಯಲಿಲ್ಲ.