ಹದಿನೈದು ಅಡಿ ನೆಗೆಟಿವ್

೧೯೫೮ರ ಮಾರ್ಚ್ ೧೧, ಮಂಗಳವಾರ ಬೆಳಗ್ಗೆ ಒಂಬತ್ತೂಕಾಲಿಗೆ ಹರ್ಟ್‌ಫರ್ಡ್‌ಶೈರ್‌ನ ಠಾಣೆಗೆ ದೂರು ಬಂತು. ದೂರು ಕೊಟ್ಟವನು ನಾರಿಸ್ ಈಗ್ಲಿಂಗ್, ಊರಾಚೆಯ ಸ್ಟುಡಿಯೋದಲ್ಲಿ ಫಿಲಂ ಉಗ್ರಾಣ ಕಾಯುವವನು. ಶುಕ್ರವಾರ ಅಮೆರಿಕಕ್ಕೆ ಹೊರಡಬೇಕಿದ್ದ ಹಳೆಯ ಚಿತ್ರವೊಂದರ ಮೂಲ ನೆಗೆಟಿವ್‌ನಿಂದ ಯಾರೋ ಹದಿನೈದು ಅಡಿ ಕತ್ತರಿಸಿಕೊಂಡು ಹೋಗಿದ್ದರು. ಅದು ಸಿಗದಿದ್ದರೆ ತನ್ನ ಕೆಲಸ ಹೋದಂತೆಯೇ ಎಂದ.

ಇನ್ಸ್‌ಪೆಕ್ಟರ್ ಟ್ರೆಮ್ಲೆಟ್, ಕಾನ್‌ಸ್ಟೇಬಲ್ ಕ್ರಾಬ್‌ನೊಡನೆ ಹೋಗಿ ಮಹಜರು ಬರೆದರು. ಬೀಗ ಮುರಿದಿರಲಿಲ್ಲ. ಕತ್ತರಿಸಿದ ತುದಿಗಳನ್ನು ಅಚ್ಚುಕಟ್ಟಾಗಿ ಅಂಟಿಸಲಾಗಿತ್ತು. ಪಕ್ಕದಲ್ಲೇ ತುಟಿಯ ಗುರುತು.

"ಮುತ್ತು ಕೊಟ್ಟು ಕದ್ದಿದ್ದಾನಲ್ಲ ಸಾರ್," ಎಂದ ಕ್ರಾಬ್.

ಈಗ್ಲಿಂಗ್ ನಗಲಿಲ್ಲ. ಅಂಟಿಸುವ ಮೊದಲು, ಫಿಲಮಿನ ಯಾವ ಮೈಗೆ ಚಿತ್ರ ಮೂಡುವ ಲೇಪವಿದೆಯೆಂದು ತಿಳಿಯಲು ಹಳಬರು ತುಟಿಗೆ ತಾಗಿಸಿ ನೋಡುತ್ತಿದ್ದರಂತೆ. ಲೇಪದ ಮೈ ತುಟಿಗೆ ಅಂಟುತ್ತದೆ. ಈಗಿನವರಿಗೆ ಆ ರೂಢಿಯಿಲ್ಲ.

ಹಿಂದಿನ ಒಂದು ವಾರದಲ್ಲಿ ಒಳಹೋದವರು ಮೂವರೇ. ಇಬ್ಬರು ಮೂವತ್ತರ ಒಳಗಿನವರು. ಮೂರನೆಯವರು ಆ ಚಿತ್ರವನ್ನು ಬರೆದು ನಿರ್ಮಿಸಿದ ಆಂಬ್ರೋಸ್ ಹ್ಯಾಲೆಟ್. ಹದಿನಾರಕ್ಕೆ ಫಿಲಂ ಅಂಟಿಸುವ ಕೆಲಸಕ್ಕೆ ಸೇರಿ, ಮೂವತ್ತು ಚಿತ್ರ ಬರೆದು, ಹನ್ನೊಂದನ್ನು ನಿರ್ಮಿಸಿ, ಕಂಪನಿ ಮುಳುಗಿದಾಗ ಎಲ್ಲವನ್ನೂ ಕಳೆದುಕೊಂಡವರು. ದೊಡ್ಡ ಮನುಷ್ಯರೆಂದು ಈಗ್ಲಿಂಗ್ ಅವರನ್ನು ಒಳಗೆ ಕೂರಿಸಿ ಚಹಾ ಮಾಡಲು ಹೋಗಿದ್ದ. ಇದನ್ನು ಹೇಳುವಾಗ ತಲೆಯೆತ್ತಲಿಲ್ಲ.

ಬುಧವಾರ ಮಧ್ಯಾಹ್ನ ಮೂರು ಗಂಟೆ. ಹ್ಯಾಲೆಟ್‌ರ ಬಾಡಿಗೆ ಕೋಣೆಯಲ್ಲಿ ಒಂದೇ ಕುರ್ಚಿ. ಅದನ್ನು ಟ್ರೆಮ್ಲೆಟ್‌ರಿಗೆ ಕೊಟ್ಟು ತಾವು ಮಂಚದ ಮೇಲೆ ಕುಳಿತರು. ತಮಗೇನೂ ಗೊತ್ತಿಲ್ಲ ಎಂದರು. ಟ್ರೆಮ್ಲೆಟ್ ಜೇಬಿನಿಂದ ಫಿಲಮಿನ ತುಂಡೊಂದನ್ನು ತೆಗೆದು, ಲೇಪ ಯಾವ ಕಡೆಗಿದೆ ಎಂದು ಕೇಳಿದರು. ಮುದುಕರ ಕೈ ತಾನಾಗಿ ತುಟಿಗೆ ಹೋಯಿತು. ಅಲ್ಲೇ ನಿಂತಿತು.

"ಐವತ್ತು ವರ್ಷದ ಚಟ ಸಾರ್, ಮಾನ ತೆಗೀತು," ಎಂದರು.

ಕದ್ದ ತುಂಡು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದರಲ್ಲಿ ಬಸ್ಸು ಹತ್ತುವ ಹೆಂಗಸೊಬ್ಬಳು ಹಿಂತಿರುಗಿ ನೋಡುತ್ತಾಳೆ. ಹತ್ತು ಸೆಕೆಂಡು, ಅಷ್ಟೇ. ಅವಳು ಹ್ಯಾಲೆಟ್‌ರ ಹೆಂಡತಿ ನೋರಾ. ಚಿತ್ರೀಕರಣದ ದಿನ ಬರಬೇಕಾದ ನಟಿ ಬಾರದ್ದರಿಂದ ಇವಳನ್ನು ನಿಲ್ಲಿಸಿದ್ದರು. ಅದೇ ಚಳಿಗಾಲದಲ್ಲಿ ನೋರಾ ತೀರಿಕೊಂಡಳು.

"ಪ್ರಿಂಟ್ ಕೇಳಿದ್ರೆ ಕೊಡ್ತಿದ್ರಲ್ಲ, ಹ್ಯಾಲೆಟ್ ಅವ್ರೇ?" ಎಂದರು ಟ್ರೆಮ್ಲೆಟ್.

"ಪ್ರಿಂಟಲ್ಲಿ ಅವ್ಳಿಗೆ ಮೂವತ್ತೊಂದೇ. ನನಗೆ ಅರವತ್ತಾರು." ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ನೆಗೆಟಿವ್‌ನಲ್ಲಿ ಕಪ್ಪು ಕೂದಲೆಲ್ಲ ಬೆಳ್ಳಗಿತ್ತು. "ಇದ್ರಲ್ಲಿ ಮಾತ್ರ ನನ್ ಜೊತೆ ಮುದುಕಿ ಆಗಿದ್ದಾಳೆ."

ಮೂರೂ ನಲವತ್ತಕ್ಕೆ ಬಂಧನವಾಯಿತು. ಶುಕ್ರವಾರ ನೆಗೆಟಿವ್ ಹಡಗು ಹತ್ತಿತು. ಈಗ್ಲಿಂಗ್‌ನ ಕೆಲಸ ಉಳಿಯಿತು. ಬಂಧನ ಪತ್ರದಲ್ಲಿ ಸುದ್ದಿ ಮುಟ್ಟಿಸಬೇಕಾದವರ ಹೆಸರಿಗೆಂದು ಒಂದು ಸಾಲಿದೆ. ಟ್ರೆಮ್ಲೆಟ್ ಪೆನ್ನು ಹಿಡಿದು ಬಹಳ ಹೊತ್ತು ಕಾದರು. ಆ ಸಾಲು ಖಾಲಿಯೇ ಉಳಿಯಿತು.